ಟೈಟಲ್‌ನಲ್ಲಿ ‘ಪ್ಯಾರಿಷ್ ಆಫ್ ಸೇಂಟ್ ಜಾನ್’ ಅಂತಿದೆ. ಇದು ಚರ್ಚಿನ ಜಾಗವೇ?

ಹೊಸಮನೆಯವಳು
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಕೇಳಲೇಬೇಕಾಗಿದೆ. ಸಿಡ್ನಿಯ ಮೆರಿಲ್ಯಾಂಡ್ಸ್‌ನಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. ಕರಾರಿನ ಜೊತೆ ಬಂದ ಟೈಟಲ್ ಸರ್ಚ್ ಕಾಗದದಲ್ಲಿ, ಅಂದರೆ ಒಡೆತನದ ದಾಖಲೆಯಲ್ಲಿ, ಲಾಟ್ ನಂಬರು (ಸೈಟಿನದ್ದು), ಡಿಪಿ ನಂಬರು (ಸೈಟು ವಿಂಗಡಿಸಿದ ನಕ್ಷೆಯದ್ದು) ಆದಮೇಲೆ ಹೀಗಿದೆ: ಲೋಕಲ್ ಗವರ್ನಮೆಂಟ್ ಏರಿಯಾ ಕಂಬರ್‌ಲ್ಯಾಂಡ್, ಪ್ಯಾರಿಷ್ ಆಫ್ ಸೇಂಟ್ ಜಾನ್, ಕೌಂಟಿ ಆಫ್ ಕಂಬರ್‌ಲ್ಯಾಂಡ್.

ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿ ಅಲ್ಲವೇ, ಇದನ್ನು ಓದಿದ ನಮ್ಮ ಯಜಮಾನರು ‘ಇದು ಚರ್ಚಿನ ಜಾಗ, ಲೀಸ್ ಇರುತ್ತೆ’ ಅಂತ ಹಟ ಹಿಡಿದಿದ್ದಾರೆ. ಊರಿನಿಂದ ಅತ್ತೆ ಫೋನ್ ಮಾಡಿ ‘ಯಾವ ದೇವರದ್ದೇ ಆಗಲಿ, ದೇವರ ಆಸ್ತಿ ಮುಟ್ಟಬೇಡಿ’ ಅಂದರು. ಮನೆಪತ್ರದ ಕೆಲಸ ನೋಡಿಕೊಳ್ಳುವ ಕನ್ವೆಯನ್ಸರ್‌ಗೆ ಕೇಳಿದರೆ ‘ಡೋಂಟ್ ವರಿ’ ಅಂತ ಒಂದೇ ಸಾಲಿನ ಮೇಲ್. ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಬೆಣ್ಣೆದೋಸೆ
ಭಾನುವಾರ ಪಾದ್ರಿಗಳು ಬಾಡಿಗೆ ಕೇಳೋಕೆ ಬಂದರೆ ಎರಡು ದೋಸೆ ಹಾಕಿಕೊಡಿ ಅಕ್ಕಾ, ಆ ತಿಂಗಳದ್ದು ಮನ್ನಾ ಆಗುತ್ತೆ.

ಸರಪಳಿ
ಬೆಣ್ಣೆ, ನಿನ್ನ ತಮಾಷೆಗೆ ಅವರ ಮನೆಯಲ್ಲಿ ನಿಜವಾಗಿಯೂ ಜಗಳ ಆಗುತ್ತೆ, ಸುಮ್ಮನಿರು.

ಮೇಡಂ, ನಾನು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವನು. ಹದಿನೆಂಟು ವರ್ಷ ಇದೇ ಕೆಲಸ. ನಿಮ್ಮ ಕನ್ವೆಯನ್ಸರ್ ಹೇಳಿದ್ದು ಸರಿ, ಯಾಕೆ ಸರಿ ಅಂತ ಹೇಳಲಿಲ್ಲ ಅಷ್ಟೇ.

ಆಸ್ಟ್ರೇಲಿಯಾದ ಜಮೀನು ದಾಖಲೆಯಲ್ಲಿ ಪ್ಯಾರಿಷ್ ಅಂದರೆ ಚರ್ಚೂ ಅಲ್ಲ, ಪಂಚಾಯ್ತಿಯೂ ಅಲ್ಲ. ನಮ್ಮ ಕಂದಾಯ ಗ್ರಾಮ ಇದೆಯಲ್ಲ, ಪಹಣಿಯಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಅಂತ ಸಾಲಾಗಿ ಬರುತ್ತಲ್ಲ, ಅದರಲ್ಲಿನ ‘ಗ್ರಾಮ’ ಅಂದುಕೊಳ್ಳಿ. ನೆಲದ ಯಾವ ತುಂಡು ಎಲ್ಲಿದೆ ಅಂತ ಗುರುತಿಸಲು ಮಾಡಿಕೊಂಡ ಚೌಕಟ್ಟು ಅದು. ನ್ಯೂ ಸೌತ್ ವೇಲ್ಸ್ ಇಡೀ ರಾಜ್ಯ 141 ಕೌಂಟಿ. ಒಂದೊಂದು ಕೌಂಟಿಯೊಳಗೂ ಪ್ಯಾರಿಷ್‌ಗಳು, ಒಟ್ಟು ಏಳು ಸಾವಿರಕ್ಕೂ ಮೇಲೆ. ಪ್ಯಾರಿಷ್ ಒಳಗೆ ‘ಪೋರ್ಷನ್’ ಅಂತ ನಂಬರ್ ಹಾಕಿದ ತುಂಡುಗಳು. ಪೋರ್ಷನ್ 45, ಪ್ಯಾರಿಷ್ ಇಂಥದ್ದು, ಕೌಂಟಿ ಇಂಥದ್ದು ಅಂದರೆ ರಾಜ್ಯದಲ್ಲಿ ಅದೊಂದೇ ಜಾಗ. ಊರಿನ ಸರ್ವೆ ನಂಬರ್‌ಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಒಂದು ವ್ಯತ್ಯಾಸ ಇದೆ. ಪ್ಯಾರಿಷ್‌ಗೆ ಆಫೀಸಿಲ್ಲ, ಅಧ್ಯಕ್ಷನಿಲ್ಲ, ತೆರಿಗೆ ಇಲ್ಲ, ಚುನಾವಣೆ ಇಲ್ಲ. ನೀವು ರೇಟ್ಸ್, ಅಂದರೆ ಮನೆ ಕಂದಾಯ, ಕಟ್ಟುವುದು ಕೌನ್ಸಿಲ್‌ಗೆ, ನಮ್ಮ ಪುರಸಭೆ ಇದ್ದ ಹಾಗೆ. ಲ್ಯಾಂಡ್ ಟ್ಯಾಕ್ಸ್ ಬಿದ್ದರೆ ಅದು ರಾಜ್ಯ ಸರ್ಕಾರಕ್ಕೆ. ಪ್ಯಾರಿಷ್‌ಗೆ ಕಟ್ಟಬೇಕಾದ್ದು ಒಂದು ಸೆಂಟೂ ಇಲ್ಲ. ಕಟ್ಟಬೇಕು ಅಂದರೂ ಇಸಿದುಕೊಳ್ಳುವವರು ಯಾರೂ ಇಲ್ಲ.

ಹೊಸಮನೆಯವಳು
ಅಬ್ಬಾ, ಉಸಿರು ಬಂತು. ಆದರೆ ಸರ್, ಸಂತನ ಹೆಸರು ಯಾಕೆ? ಮತ್ತೆ ಕಂಬರ್‌ಲ್ಯಾಂಡ್ ಎರಡು ಸಲ ಬಂದಿದೆ, ಅದು ಟೈಪಿಂಗ್ ತಪ್ಪಾ?

ಸರಪಳಿ
ತಪ್ಪಲ್ಲ. ಆದರೆ ಆ ಹೆಸರಿಗೆ ಎಲ್ಲರೂ ಎಡವುತ್ತಾರೆ.

ಕೌಂಟಿ ಆಫ್ ಕಂಬರ್‌ಲ್ಯಾಂಡ್ 1788ರದ್ದು. ಬ್ರಿಟಿಷರ ಮೊದಲ ಹಡಗುಗಳು ಬಂದು ಆರು ತಿಂಗಳೂ ಆಗಿರಲಿಲ್ಲ, ಜೂನ್ 4ರಂದು, ರಾಜನ ಹುಟ್ಟುಹಬ್ಬದ ದಿನ, ಗವರ್ನರ್ ಫಿಲಿಪ್ ಈ ಹೆಸರಿಟ್ಟ. ಇಂದಿನ ಸಿಡ್ನಿಯ ಬಹುಭಾಗ ಅದರೊಳಗೇ ಇದೆ, 57 ಪ್ಯಾರಿಷ್. ನಿಮ್ಮ ಕಾಗದದಲ್ಲಿರುವ ಇನ್ನೊಂದು ಕಂಬರ್‌ಲ್ಯಾಂಡ್ ಕೌನ್ಸಿಲ್, ಅದು ಹುಟ್ಟಿದ್ದು 2016ರಲ್ಲಿ, ಕೌನ್ಸಿಲ್‌ಗಳನ್ನು ಒಡೆದು ಕೂಡಿಸಿದಾಗ. ಸಾಲದು ಅಂತ ನಡುವೆ 1945ರಿಂದ 1963ರವರೆಗೆ ಕಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್ ಅಂತ ಮೂರನೆಯದೊಂದು ಇತ್ತು, ಸಿಡ್ನಿಯ ನಗರ ಯೋಜನೆ ಮಾಡಿದ್ದು ಅದು.

ನಿಮ್ಮ ಮನೆ ಕಟ್ಟಿದ ಮೇಲೆ ಕೌನ್ಸಿಲ್ ಬದಲಾಗಿದೆ. ಸಬರ್ಬ್ ಗಡಿ ಬೇಕಾದರೆ ನಾಳೆ ಬದಲಾಗಬಹುದು. ಸೇಂಟ್ ಜಾನ್ ಮಾತ್ರ ಕೂತಲ್ಲೇ ಕೂತಿದ್ದಾನೆ. ಅದರಿಂದ ಯಾರಿಗೂ ಓಟೂ ಸಿಗುವುದಿಲ್ಲ, ದುಡ್ಡೂ ಸಿಗುವುದಿಲ್ಲ, ಹಾಗಾಗಿ ಅದರ ಗಡಿ ಎಳೆದಾಡುವ ಆಸೆ ಯಾವ ಪುಢಾರಿಗೂ ಬರಲಿಲ್ಲ. ದಾಖಲೆ ಇಡುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಪುಸ್ತಕದ ಹುಳು
ಸಂತನ ಹೆಸರಿನ ಹಿಂದಿನ ಕತೆ ಮಜವಾಗಿದೆ. 1802ರಲ್ಲಿ ಗವರ್ನರ್ ಕಿಂಗ್ ಎರಡು ಚರ್ಚ್ ಪ್ಯಾರಿಷ್ ಮಾಡಿದ. ಸಿಡ್ನಿಯದಕ್ಕೆ ಸೇಂಟ್ ಫಿಲಿಪ್, ಪ್ಯಾರಮ್ಯಾಟಾದ್ದಕ್ಕೆ ಸೇಂಟ್ ಜಾನ್. ನೆಪಕ್ಕೆ ಸಂತರ ಹೆಸರು, ಗೌರವ ಮಾತ್ರ ಮೊದಲಿನ ಇಬ್ಬರು ಗವರ್ನರ್‌ಗಳಿಗೆ: ಆರ್ಥರ್ ಫಿಲಿಪ್, ಜಾನ್ ಹಂಟರ್. ಆಮೇಲೆ ಜಮೀನು ವಿಭಾಗ ಮಾಡುವಾಗ ಆ ಹೆಸರುಗಳನ್ನೇ ಎತ್ತಿಕೊಂಡರು. ಹಾಗಾಗಿ ನಿಮ್ಮ ಅತ್ತೆಗೆ ಹೇಳಿ, ಅದು ದೇವರ ಆಸ್ತಿಯಲ್ಲ, ಹಳೇ ಸಾಹೇಬರೊಬ್ಬರ ಹೆಸರು ಅಂತ.

ಆದರೆ ನಿಮ್ಮ ಯಜಮಾನರ ಅನುಮಾನ ಪೂರ್ತಿ ಹುಚ್ಚೂ ಅಲ್ಲ. 1825ರಲ್ಲಿ ಲಂಡನ್ನಿನಿಂದ ಬಂದ ಅಪ್ಪಣೆ ಏನೆಂದರೆ, ವಸಾಹತನ್ನು ಸುಮಾರು 40 ಮೈಲಿ ಚೌಕದ ಕೌಂಟಿಗಳಾಗಿ, 10 ಮೈಲಿ ಚೌಕದ ಹಂಡ್ರೆಡ್‌ಗಳಾಗಿ, 5 ಮೈಲಿ ಚೌಕದ ಪ್ಯಾರಿಷ್‌ಗಳಾಗಿ ಒಡೆಯಿರಿ. ಅದರ ಬೆನ್ನಿಗೇ 1826ರಲ್ಲಿ ಚರ್ಚ್ ಮತ್ತು ಶಾಲೆಗಳ ಜಮೀನಿಗೆಂದು ಒಂದು ಕಾರ್ಪೊರೇಷನ್ ಮಾಡಿ, ಪ್ರತಿ ಕೌಂಟಿಯ ಏಳನೇ ಒಂದು ಭಾಗ ನೆಲ ಅದಕ್ಕೆ ಅಂತ ಬರೆದುಕೊಟ್ಟರು. ಏಳರಲ್ಲೊಂದು! ಬೇರೆ ಪಂಗಡದವರು ಸುಮ್ಮನಿರುತ್ತಾರಾ? 1833ಕ್ಕೆ ಅದು ಮುಚ್ಚಿತು. ಇನ್ನು ಅದಕ್ಕೂ ಮೊದಲು ಪಾದ್ರಿಯ ಜೀವನಕ್ಕೆ ಬಿಟ್ಟ 400 ಎಕರೆ ಉಂಬಳಿ ಒಂದಿತ್ತು. ಅಂಥ ಉಂಬಳಿಗೆ ಇಂಗ್ಲಿಷಿನಲ್ಲಿ ಗ್ಲೀಬ್ ಅನ್ನುತ್ತಾರೆ. ಸಿಡ್ನಿಯ ಗ್ಲೀಬ್ ಸಬರ್ಬ್‌ನಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಅದೇ ಆ ಉಂಬಳಿ ಅಂತ.

ಕುಡ್ಲದ ಪೊಣ್ಣು
ನಾನೊಂದು ಮಾತು ಸೇರಿಸುವೆ. ನಾವು ಮಂಗಳೂರಿನ ಕಥೊಲಿಕರು, ಬ್ಲಾಕ್‌ಟೌನಿನಲ್ಲಿದ್ದೇವೆ. ನಮ್ಮ ಭಾಷೆಯಲ್ಲಿ ಪ್ಯಾರಿಷ್‌ಗೆ ಫಿರ್ಗಜ್ ಅಂತೇವೆ. ಮಗುವಿನ ದೀಕ್ಷಾಸ್ನಾನಕ್ಕೆ ಅರ್ಜಿ ತುಂಬುವಾಗ ‘ನಿಮ್ಮ ಪ್ಯಾರಿಷ್ ಯಾವುದು’ ಅಂತ ಇತ್ತು. ಇವರು ಮನೆಪತ್ರ ನೋಡಿ ‘ಪ್ರಾಸ್ಪೆಕ್ಟ್’ ಅಂತ ಬರೆದು ಕೊಟ್ಟುಬಿಟ್ಟರು. ಫಾದರ್ ನಕ್ಕದ್ದೇ ನಕ್ಕದ್ದು. ಇಗರ್ಜಿಯ ಪ್ಯಾರಿಷ್ ಬೇರೆ, ಭೂಮಿಯ ಪ್ಯಾರಿಷ್ ಬೇರೆ, ಗಡಿಯೂ ಬೇರೆ ಬೇರೆ ಮಾರಾಯ್ರೆ. ಮಾಸ್‌ಗೆ ಹೋಗಲಿಕ್ಕೆ ಟೈಟಲ್ ಡೀಡ್ ನೋಡಬೇಡಿ.

ಟಾರ್ನೀಟ್ ತಮ್ಮ
ಮೆಲ್ಬರ್ನ್ ಕಡೆಯವರೂ ಸ್ವಲ್ಪ ಮಾತಾಡೋಣ. ನಮ್ಮ ಟೈಟಲ್‌ನಲ್ಲಿ ಲಾಟ್ ಮತ್ತು ಪಿಎಸ್ (ಸೈಟು ವಿಂಗಡಿಸಿದ ನಕ್ಷೆ) ನಂಬರ್ ಮಾತ್ರ ಇತ್ತು, ಪ್ಯಾರಿಷ್ ಕಾಣಲಿಲ್ಲ. ಆದರೆ ಬಿಲ್ಡರ್ ಕೊಟ್ಟ ಪ್ಲ್ಯಾನ್ ಆಫ್ ಸಬ್‌ಡಿವಿಷನ್ ಮೊದಲ ಪುಟದ ಎಡಮೂಲೆಯಲ್ಲಿ ಇದೆ: ಪ್ಯಾರಿಷ್ ಟಾರ್ನೀಟ್, ಟೌನ್‌ಶಿಪ್ ಅಂತ ಒಂದು ಗೆರೆ, ಸೆಕ್ಷನ್ ಒಂದು ನಂಬರು, ಕ್ರೌನ್ ಅಲಾಟ್‌ಮೆಂಟ್ (ಸರ್ಕಾರ ಮೊದಲು ಕತ್ತರಿಸಿದ ತುಂಡು) ಇಂಥದ್ದರ ಭಾಗ. ನಾನು ಇಷ್ಟು ದಿನ ಸಬರ್ಬ್ ಹೆಸರೇ ಎರಡು ಸಲ ಹಾಕಿದ್ದಾರೆ ಅಂದುಕೊಂಡಿದ್ದೆ.

ಸರಪಳಿ
ಇಲ್ಲ ತಮ್ಮಾ, ಹಿರಿಯವನು ಪ್ಯಾರಿಷ್ಷೇ. ಟಾರ್ನೀಟ್, ಟ್ರುಗನೀನಾ, ಡೆರಿಮಟ್, ಟಲ್ಲಮರೀನ್ ಎಲ್ಲಾ ಮೊದಲು ಬರ್ಕ್ ಕೌಂಟಿಯ ಪ್ಯಾರಿಷ್ ಹೆಸರುಗಳು. ಕುರಿ ಮೇಯುತ್ತಿದ್ದ ಬಯಲಿಗೆ ನಕ್ಷೆಯಲ್ಲಿ ಆ ಹೆಸರಿತ್ತು. ಮನೆಗಳು ಬಂದಾಗ ಸಬರ್ಬ್‌ಗೂ ಅದೇ ಹೆಸರು ಅಂಟಿತು. ಆದರೆ ಎರಡರ ಗಡಿ ತಾಳೆಯಾಗುವುದಿಲ್ಲ, ಅದನ್ನು ನೆನಪಿಡು.

ವಿಕ್ಟೋರಿಯಾದಲ್ಲಿ 37 ಕೌಂಟಿ, ಎರಡು ಸಾವಿರ ಚಿಲ್ಲರೆ ಪ್ಯಾರಿಷ್. ಪ್ರತಿ ಪ್ಯಾರಿಷ್‌ಗೂ ಒಂದು ನಂಬರಿದೆ. ಉಪವಿಭಾಗ ಆಗದ ಕ್ರೌನ್ ಅಲಾಟ್‌ಮೆಂಟ್ ಕಂಪ್ಯೂಟರ್‌ನಲ್ಲಿ ಪಿಪಿ ಅಂತ ಶುರುವಾಗಿ ನಂಬರ್ ಬರುತ್ತಲ್ಲ, ಆ ನಂಬರ್ ಪ್ಯಾರಿಷ್‌ನದ್ದು. ಸತ್ತುಹೋಯಿತು ಅಂದುಕೊಂಡ ಪ್ಯಾರಿಷ್ ಡೇಟಾಬೇಸ್‌ನಲ್ಲಿ ಗಟ್ಟಿಮುಟ್ಟಾಗಿದೆ.

ನ್ಯೂ ಸೌತ್ ವೇಲ್ಸ್‌ನಲ್ಲೂ ಇಂಥದ್ದೇ ಒಂದು ಗುಟ್ಟಿದೆ. ಹಳ್ಳಿಕಡೆ ಜಮೀನಿನ ಜಾಹೀರಾತು ನೋಡಿ. ಡಿಪಿ ನಂಬರು ಆರಂಕಿ, 75ರಿಂದ ಶುರುವಾಗುತ್ತೆ. ಹಳೇ ಪೋರ್ಷನ್‌ಗಳನ್ನು ಕಂಪ್ಯೂಟರಿಗೆ ಹಾಕುವಾಗ ಒಂದೊಂದು ಪ್ಯಾರಿಷ್‌ಗೆ ಒಂದೊಂದು ಡಿಪಿ ನಂಬರ್ ಕೊಟ್ಟು, ಪೋರ್ಷನ್ 45 ಇದ್ದದ್ದನ್ನು ಲಾಟ್ 45 ಮಾಡಿದರು. ಅಂಥ ನಂಬರ್ ಕಂಡರೆ ನೀವು ನೋಡುತ್ತಿರುವುದು ಸರ್ಕಾರ ಮೊದಲ ಸಲ ಕತ್ತರಿಸಿದ ತುಂಡನ್ನೇ.

ಹೊಸಮನೆಯವಳು
ನಮ್ಮ ತಂದೆ ಊರಲ್ಲಿ ಸರ್ವೆ ಇಲಾಖೆಯಲ್ಲಿದ್ದವರು, ನಿವೃತ್ತಿಯಾಗಿ ಹನ್ನೊಂದು ವರ್ಷ. ಈ ಚರ್ಚೆಯನ್ನು ಅವರಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ಬೇಚರಾಕ್ ಗ್ರಾಮ ಇದೆಯಾ?’ ಕಂದಾಯ ದಾಖಲೆಯಲ್ಲಿ ಊರಿನ ಹೆಸರಿರುತ್ತದೆ, ನಕ್ಷೆ ಇರುತ್ತದೆ, ಸರ್ವೆ ನಂಬರ್ ಇರುತ್ತದೆ, ಒಂದು ಮನೆಯೂ ಇರುವುದಿಲ್ಲ, ಅದಕ್ಕೆ ಬೇಚರಾಕ್ ಅನ್ನುವುದಂತೆ. ಚಿರಾಗ್ ಇಲ್ಲದ್ದು, ಅಂದರೆ ದೀಪ ಹಚ್ಚುವವರಿಲ್ಲದ ಊರು.

ಸರಪಳಿ
ಆಹಾ! ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟು ವರ್ಷ ನನಗೇ ಹೊಳೆಯದ ಹೋಲಿಕೆ ಇದು.

ಇಲ್ಲಿನ ಪ್ಯಾರಿಷ್‌ಗಳಲ್ಲಿ ಎಷ್ಟೋ ಬೇಚರಾಕ್. ಕರಾವಳಿಗೆ ಹತ್ತಿರದ ಪ್ಯಾರಿಷ್ ನಕ್ಷೆ ತೆಗೆದರೆ ಗಡಿ ಹೊಳೆಯ ಜೊತೆ ಬಳುಕುತ್ತದೆ, ಗುಡ್ಡದ ನೆತ್ತಿ ಹಿಡಿದು ಹೋಗುತ್ತದೆ, ಒಳಗೆ ಪೋರ್ಷನ್‌ಗಳು ಅವರೇಕಾಳಿನ ಹಾಗೆ ಒತ್ತೊತ್ತಾಗಿರುತ್ತವೆ. ಪಶ್ಚಿಮಕ್ಕೆ ಹೋಗುತ್ತಾ ಹೋಗುತ್ತಾ ಗಡಿ ನೆಟ್ಟಗಾಗುತ್ತದೆ. ಟಿಬೂಬರ್ರಾ ಕಡೆ, ಮೂರು ರಾಜ್ಯ ಕೂಡುವ ಕ್ಯಾಮರಾನ್ ಕಾರ್ನರ್ ಹತ್ತಿರ, ಟಾಂಗೊವೊಕೊ ಅನ್ನುವ ಕೌಂಟಿ ಇದೆ. ಸ್ಕೇಲು ಇಟ್ಟು ಎಳೆದ ಗೆರೆ, ಗೆರೆಯೊಳಗೊಂದು ಹೆಸರು, ಹೆಸರಿನ ಕೆಳಗೆ ಏನೇನೂ ಇಲ್ಲ. 1884ರ ಕಾಯ್ದೆಯಿಂದ ಆ ಕಡೆಗೆ ವೆಸ್ಟರ್ನ್ ಡಿವಿಷನ್ ಅಂತ ಬೇರೆ ವ್ಯವಸ್ಥೆ ಮಾಡಿ, ಸಾವಿರಾರು ಎಕರೆಗಳ ಲೀಸ್ ಕೊಟ್ಟರು. ಒಂದು ಲೀಸಿನಲ್ಲಿ ನಾಲ್ಕಾರು ಪ್ಯಾರಿಷ್ ಮುಳುಗಿಹೋಗುತ್ತವೆ.

ಲೆಕ್ಕದ ಮೇಷ್ಟ್ರು
ತಂದೆಯವರ ವಿಷಯ ಬಂತು ಅಂತ ಹೇಳುತ್ತೇನೆ, ಅವರಿಗೆ ಇದನ್ನೂ ಓದಿ ಹೇಳಿ, ಖುಷಿಯಾಗುತ್ತಾರೆ.

ಹಳೇ ಪ್ಯಾರಿಷ್ ನಕ್ಷೆಯಲ್ಲಿ ವಿಸ್ತೀರ್ಣ ‘ಎ, ಆರ್, ಪಿ’ ಅಂತ ಮೂರು ಅಂಕಿಯಲ್ಲಿರುತ್ತದೆ: ಎಕರೆ, ರೂಡ್, ಪರ್ಚ್. 4 ರೂಡಿಗೆ ಎಕರೆ, 40 ಪರ್ಚಿಗೆ ರೂಡ್. ಒಂದು ಪರ್ಚ್ 272.25 ಚದರಡಿ. ನಮ್ಮ ಗುಂಟೆ 1,089 ಚದರಡಿ. ಭಾಗಿಸಿ ನೋಡಿ, ಸರಿಯಾಗಿ ನಾಲ್ಕು! ಅಂದರೆ 4 ಪರ್ಚ್ ಒಂದು ಗುಂಟೆ, ಒಂದು ರೂಡ್ ಹತ್ತು ಗುಂಟೆ. ಆಸ್ಟ್ರೇಲಿಯಾದವರು ಕನಸು ಕಾಣುತ್ತಿದ್ದ ಕಾಲೆಕರೆ ಸೈಟು ಅಂದರೆ ಹತ್ತು ಗುಂಟೆ.

ಇದು ಕಾಕತಾಳೀಯವಲ್ಲ. ಎರಡೂ ಕಡೆ ಅಳೆದದ್ದು ಬ್ರಿಟಿಷರ ಸರಪಳಿಯಲ್ಲಿ. ಇಲ್ಲಿ ಗಂಟರ್ ಸರಪಳಿ, 66 ಅಡಿ, 100 ಕೊಂಡಿ. ನಮ್ಮ ಕಡೆ ಮುಂಬೈ ಪದ್ಧತಿಯ ಸರ್ವೆಗೆ ಅದರ ಅರ್ಧ, 33 ಅಡಿ, ಹದಿನಾರು ಆಣೆ ಮಾಡಿದ್ದು. 33 ಅಡಿ ಚೌಕವೇ ಗುಂಟೆ. ಹತ್ತು ಚದರ ಗಂಟರ್ ಸರಪಳಿ ಅಂದರೆ ಎಕರೆ, ನಲವತ್ತು ಗುಂಟೆ ಅಂದರೂ ಎಕರೆ.

ಕೊನೆಗೊಂದು: 66 ಅಡಿ ಅಂದರೆ 22 ಗಜ. ಕ್ರಿಕೆಟ್ ಪಿಚ್‌ನ ಉದ್ದ. ಚಿನ್ನಸ್ವಾಮಿಯಲ್ಲೂ ಮೆಲ್ಬರ್ನ್ ಮೈದಾನದಲ್ಲೂ ಬೌಲರ್ ಓಡಿ ಬಂದು ಚೆಂಡು ಹಾಕುವುದು ಒಂದು ಸರಪಳಿ ದೂರಕ್ಕೆ.

ಬೆಣ್ಣೆದೋಸೆ
ಮೇಷ್ಟ್ರೇ, ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನು ಗಣಿತದಲ್ಲಿ ಪಾಸಾಗಿರುತ್ತಿದ್ದೆ.

ಐದೆಕರೆ
ಸರಪಳಿ ಮಾತು ಬಂದದ್ದಕ್ಕೆ ನನ್ನ ಗೋಳು ಕೇಳಿ. ಸಿಡ್ನಿಯಿಂದ ಮೂರು ತಾಸಿನ ದೂರದಲ್ಲಿ ಐದೆಕರೆ ತೆಗೆದುಕೊಂಡೆವು. ತರಕಾರಿ, ನಾಲ್ಕು ಕೋಳಿ, ಇಷ್ಟೇ ಆಸೆ. ಬೇಲಿ ಹಾಕಲು ಹೋದಾಗ ಪಕ್ಕದವರು ಬಂದು ‘ನಡುವೆ ರಸ್ತೆ ಇದೆ’ ಅಂದರು. ಎಲ್ಲಿದೆ ರಸ್ತೆ? ಯೂಕಲಿಪ್ಟಸ್ ಮರ, ಮುಳ್ಳಿನ ಪೊದೆ, ಒಂದು ವೊಂಬ್ಯಾಟ್ ಬಿಲ. ಹುಡುಕಿದರೆ ಪ್ಯಾರಿಷ್ ನಕ್ಷೆಯಲ್ಲಿ ಎರಡು ಸಮಾನಾಂತರ ಗೆರೆ, ಒಂದು ಸರಪಳಿ ಅಗಲ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಯಾರೋ ಎಳೆದದ್ದು, ಒಂದು ಗಾಡಿಯೂ ಅದರ ಮೇಲೆ ಹೋಗಿಲ್ಲ. ಮಾರಿಸಿಕೊಟ್ಟ ಏಜೆಂಟ್ ಇದರ ಬಗ್ಗೆ ಬಾಯಿಯೇ ಬಿಟ್ಟಿರಲಿಲ್ಲ.

ಸರಪಳಿ
ಇಲ್ಲಿ ಅದನ್ನು ಪೇಪರ್ ರೋಡ್ ಅನ್ನುತ್ತಾರೆ. ಕಾಗದದ ಮೇಲಿನ ರಸ್ತೆ. ಪೋರ್ಷನ್‌ಗಳನ್ನು ಕತ್ತರಿಸುವಾಗಲೇ ಪ್ರತಿ ತುಂಡಿಗೂ ದಾರಿ ಇರಲಿ ಅಂತ ಗುಡ್ಡವೋ ಹಳ್ಳವೋ ನೋಡದೆ ಬಿಟ್ಟದ್ದು. ಅಲ್ಲಿ ರಸ್ತೆ ಇಲ್ಲದಿದ್ದರೂ ನೆಲ ಮಾತ್ರ ಕ್ರೌನ್‌ನದ್ದೇ, ಅಂದರೆ ಸರ್ಕಾರದ್ದೇ, ನಿಮ್ಮದಲ್ಲ. ಸುಮ್ಮನೆ ಬೇಲಿ ಹಾಕಿದರೆ ತೊಂದರೆ. ಎನ್‌ಕ್ಲೋಷರ್ ಪರ್ಮಿಟ್ ತೆಗೆದುಕೊಂಡು ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಟಿದರೆ ಒಳಗೆ ಸೇರಿಸಿ ಬೇಲಿ ಹಾಕಬಹುದು. ರಸ್ತೆ ಮುಚ್ಚಿಸಿ ಕೊಂಡುಕೊಳ್ಳಲೂ ಅರ್ಜಿ ಹಾಕಬಹುದು, ಅದಕ್ಕೆ ತಾಳ್ಮೆ ಬೇಕು.

ಹೊಸಮನೆಯವಳು
ಅಪ್ಪ ಪಕ್ಕದಲ್ಲೇ ವಿಡಿಯೋ ಕಾಲ್‌ನಲ್ಲಿದ್ದಾರೆ, ‘ನಕಾಶೆ ಕಂಡ ದಾರಿ’ ಅಂತ ಕೂಗುತ್ತಿದ್ದಾರೆ. ಊರಲ್ಲಿ ಅರ್ಧ ಜಗಳ ಅದರದ್ದೇ ಅಂತೆ.

ಅಡಿಲೇಡ್ ಗೌಡ
ನಮ್ಮ ಕಡೆ ಪ್ಯಾರಿಷ್ ಇಲ್ಲ ನೋಡ್ರಿ. ಸೌತ್ ಆಸ್ಟ್ರೇಲಿಯಾದಾಗ ಕೌಂಟಿ ಕೆಳಗ ಹಂಡ್ರೆಡ್. ಮಾತು ಇಂಗ್ಲೆಂಡಿನದ. ನೂರು ಮನಿ ಸಾಕುವಷ್ಟು ನೆಲ ಅಂತ ಅದರ ಹಳೇ ಅರ್ಥ ಹೇಳತಾರ, ಇಲ್ಲಿ ನೂರು ಚದರ ಮೈಲಿ ಅಂತ ಲೆಕ್ಕ ಇಟ್ಟರು. ಪುಸ್ತಕದ ಹುಳು ಅವರು ಹೇಳಿದ 1825ರ ಅಪ್ಪಣೆಯೊಳಗೂ ಹಂಡ್ರೆಡ್ ಇತ್ತಲ್ಲ, ಸಿಡ್ನಿ ಕಡೆ ಅದು ಬಾಳಲಿಲ್ಲ, ಪ್ಯಾರಿಷ್ ಉಳೀತು. ನಮ್ಮಲ್ಲಿ ಪ್ಯಾರಿಷ್ ಬರಲಿಲ್ಲ, ಹಂಡ್ರೆಡ್ ಉಳೀತು.

ನಾನು ಬಿಜಾಪುರ ಜಿಲ್ಲಾದಾಂವ. ಮಳಿ ನಂಬಿ ಬಿತ್ತೋದು ಅಂದ್ರ ಏನಂತ ನಮಗ ಹೇಳಿಕೊಡಬೇಕಾಗಿಲ್ಲ. ಅದಕ್ಕ ಇಲ್ಲಿನ ಒಂದು ಕತಿ ನನ್ನ ಮನಸಿನಾಗ ಕೂತುಬಿಟ್ಟೈತಿ. 1865ರಾಗ ಭಾರೀ ಬರ ಬಿತ್ತು. ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಅಂತ ಇದ್ದ. ಕುದುರಿ ಹತ್ತಿ ನೂರಾರು ಮೈಲಿ ತಿರುಗಿ, ಎಲ್ಲೆಲ್ಲಿ ಗಿಡಗಂಟಿ ಒಣಗ್ಯಾವ, ಎಲ್ಲೆಲ್ಲಿ ತಡಕೊಂಡಾವ ಅಂತ ನೋಡಿ ನಕಾಶದ ಮ್ಯಾಲ ಒಂದು ಗೆರಿ ಹೊಡದ. ಇದರ ದಕ್ಷಿಣಕ್ಕ ಬಿತ್ರಿ, ಉತ್ತರಕ್ಕ ಬಿತ್ತಬ್ಯಾಡ್ರಿ, ಕುರಿ ಮೇಯಿಸ್ರಿ, ಅಷ್ಟ. ಗಾಯ್ಡರ್ಸ್ ಲೈನ್ ಅಂತಾರ. ಹೆಚ್ಚೂಕಡಿಮಿ ವರ್ಷಕ್ಕ 300 ಮಿಲಿಮೀಟರ್ ಮಳಿಯ ಗೆರಿ ಅದು.

ಮುಂದ ನಾಲ್ಕೈದು ವರ್ಷ ಮಳಿ ಚಲೋ ಆತು. ಜನ ಬಿಟ್ಟಾರೇನ್ರಿ? ಸರಕಾರ ಹಂಡ್ರೆಡ್ ಅಂತ ಘೋಷಣಾ ಮಾಡಿದರ ಅಲ್ಲಿ ರೈತರಿಗೆ ಸಾಲದ ಮ್ಯಾಲ ನೆಲ ಸಿಗತಿತ್ತು. ‘ಉತ್ತರಕ್ಕೂ ಹಂಡ್ರೆಡ್ ಮಾಡ್ರಿ’ ಅಂತ ಗಲಾಟಿ. ನೇಗಿಲು ಹೂಡಿದ ಕಡೆ ಮಳಿ ತಾನ ಬರತೈತಿ ಅನ್ನೋ ಮಾತು ಆವಾಗ ಬಾಳ ನಡದಿತ್ತು. 1874ರಾಗ ಆ ಗೆರಿಯ ನಿರ್ಬಂಧ ತಗದರು, ಹಂಡ್ರೆಡ್ ಮ್ಯಾಲ ಹಂಡ್ರೆಡ್ ಘೋಷಣಾ ಆದವು. ಒಂದು ಊರಿಗಂತೂ ಫರೀನಾ ಅಂತ ಹೆಸರಿಟ್ಟರು, ಲ್ಯಾಟಿನ್‌ನಾಗ ಹಿಟ್ಟು ಅಂತ ಅರ್ಥ. 1880ರ ಹೊತ್ತಿಗೆ ಮಳಿ ಕೈಕೊಡ್ತು. ಇವತ್ತು ಹೋಗಿ ನೋಡ್ರಿ, ಕಲ್ಲಿನ ಗ್ವಾಡಿ ನಿಂತಾವ, ಮ್ಯಾಲ ಸೂರಿಲ್ಲ, ಸುತ್ತ ಕೆಂಪು ಮಣ್ಣು. ಹಂಡ್ರೆಡ್ ಹೆಸರು ಮಾತ್ರ ದಾಖಲೆದಾಗ ಹಂಗ ಐತಿ. ಅಕ್ಕಾರ, ನಿಮ್ಮ ಅಪ್ಪಾರು ಹೇಳಿದ ಬೇಚರಾಕ್ ನೋಡಬೇಕಂದ್ರ ನಮ್ಮ ಕಡೆ ಕರಕೊಂಡು ಬರ್ರಿ. ಇಲ್ಲಿ ದೀಪ ಹಚ್ಚಿ, ಆಮ್ಯಾಲ ಆರಿಸಿ ಹೋಗ್ಯಾರ.

ಇನ್ನೊಂದು ಹೇಳೋದು ಮರತೆ. ಟೈಟಲ್ ಸರ್ಚ್ ಇಷ್ಟು ಸರಳ ಆಗೈತಿ ಅಂದ್ರ ಅದಕ್ಕ ಕಾರಣ ಟಾರೆನ್ಸ್ ಪದ್ಧತಿ, ಅಂದ್ರ ಸರಕಾರದ ರಿಜಿಸ್ಟರಿನಾಗ ಯಾರ ಹೆಸರೈತೋ ಅವರ ಮಾಲಕ. ಅದು ಹುಟ್ಟಿದ್ದು ಇಲ್ಲೇ, 1858ರಾಗ. ಸಿಡ್ನಿಯವರು ಕಲಿತದ್ದು ನಮ್ಮಿಂದ.

ಕ್ಯಾನ್‌ಬೆರಾ ಕಾಗೆ
ಹೊಸಮನೆಯವರ ಯಜಮಾನರ ಲೀಸ್ ಭಯ ಮೆರಿಲ್ಯಾಂಡ್ಸ್‌ನಲ್ಲಿ ಸುಳ್ಳು, ನಮ್ಮೂರಲ್ಲಿ ಖರೆ. ಇಲ್ಲಿ ಎಲ್ಲರ ಮನೆ ಜಾಗವೂ ಲೀಸೇ, ಸಾಮಾನ್ಯವಾಗಿ 99 ವರ್ಷ. 1911ರಲ್ಲಿ ಕೇಂದ್ರ ಸರ್ಕಾರ ಈ ಪ್ರದೇಶ ತೆಗೆದುಕೊಳ್ಳುವ ಮೊದಲು ಇದು ಮರ್ರೆ, ಕೌಲಿ ಕೌಂಟಿಗಳಲ್ಲಿತ್ತು. ಈಗ ಪ್ಯಾರಿಷ್ ಕೇಳಿದರೆ ಯಾರಿಗೂ ಗೊತ್ತಿಲ್ಲ, ಬ್ಲಾಕ್ ಇಷ್ಟು, ಸೆಕ್ಷನ್ ಇಷ್ಟು ಅನ್ನುತ್ತಾರೆ. ಒಣ ಲೆಕ್ಕ.

ಪುಸ್ತಕದ ಹುಳು
ಕೌಂಟಿ ಹೆಸರು ನೋಡುತ್ತಾ ಹೋದರೆ ನಮ್ಮೂರೂ ಸಿಗುತ್ತದೆ. 1829ರ ಹೊತ್ತಿಗೆ ‘ಹತ್ತೊಂಬತ್ತು ಕೌಂಟಿ’ಗಳ ಆಚೆ ಯಾರೂ ಜಮೀನು ಹಿಡಿಯಬಾರದು ಅಂತ ಸರ್ಕಾರ ಗಡಿ ಹಾಕಿತು. ಕುರಿ ಸಾಕುವವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಆ ಮಾತು ಬಿಡಿ. ಆ ಹತ್ತೊಂಬತ್ತರಲ್ಲಿ ಒಂದು ವೆಲ್ಲಿಂಗ್ಟನ್, ಆಮೇಲೆ ಸೇರಿದ್ದು ಮ್ಯಾಕ್ವಾರಿ. ಡ್ಯೂಕ್ ಆಗುವ ಮೊದಲು ಆರ್ಥರ್ ವೆಲ್ಲೆಸ್ಲಿ, ಗವರ್ನರ್ ಆಗುವ ಮೊದಲು ಲಾಕ್ಲನ್ ಮ್ಯಾಕ್ವಾರಿ, ಇಬ್ಬರೂ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವರು. ಟಿಪ್ಪುವಿನ ಕೋಟೆ ಒಡೆದವರ ಹೆಸರು ಇಲ್ಲಿ ರೈತರ ಜಮೀನುಪತ್ರದಲ್ಲಿ ಕೂತಿದೆ.

ಟಾರ್ನೀಟ್ ತಮ್ಮ
ಅದಕ್ಕಿಂತ ನಮ್ಮ ವಿಕ್ಟೋರಿಯಾ ವಾಸಿ. ಡೌಟಾ ಗಲ್ಲಾ, ಜಿಕಾ ಜಿಕಾ, ಬೊರೂನ್ಡಾರಾ, ಕಟ್ ಪಾ ಪಾ. ಪ್ಯಾರಿಷ್ ಹೆಸರುಗಳಲ್ಲಿ ಎಷ್ಟೋ ಮೂಲನಿವಾಸಿಗಳ ಭಾಷೆಯದ್ದು. ಸ್ವಲ್ಪನಾದರೂ ಗೌರವ ಇತ್ತು ಅಂತ ಕಾಣುತ್ತೆ.

ಮೌನೇಶ
ಗೌರವ ಅನ್ನುವ ಪದ ಬಳಸುವ ಮೊದಲು ಸ್ವಲ್ಪ ನಿಲ್ಲಿ ತಮ್ಮಾ. ಸ್ಥಳೀಯ ಹೆಸರುಗಳನ್ನು ತಪ್ಪದೆ ಬರೆದುಕೊಳ್ಳಿ ಅಂತ ಸರ್ವೇಯರ್‌ಗಳಿಗೆ ಹೇಳಿದವನು ಸಿಡ್ನಿಯ ಸರ್ವೇಯರ್ ಜನರಲ್ ಥಾಮಸ್ ಮಿಚೆಲ್. ಒಂದೇ ಹೆಸರು ನಾಲ್ಕು ಕಡೆ ಬಂದರೆ ನಕ್ಷೆ ಗೊಂದಲವಾಗುತ್ತದೆ, ಅಲ್ಲಿನವರ ಹೆಸರಿದ್ದರೆ ಜಾಗ ಹುಡುಕಲು ಸುಲಭ. ಹೆಸರು ಉಳಿಸಿಕೊಂಡರು, ಹೆಸರು ಹೇಳಿಕೊಟ್ಟವರಿಗೆ ನೆಲ ಉಳಿಸಲಿಲ್ಲ. ಪೋರ್ಷನ್ ಒಂದರಿಂದ ಕೊನೆಯವರೆಗೂ ನೋಡಿ, ಮೊದಲ ಒಡೆಯ ಅಂತ ಬರೆದ ಹೆಸರುಗಳು ಯಾರವು?

ಸರಪಳಿ
ಮೌನೇಶಣ್ಣ ಹೇಳಿದ್ದು ನಿಜ. ಅದರ ಮುಂದಿನ ಭಾಗವನ್ನೂ ಹೇಳುತ್ತೇನೆ. 1992ರ ಜೂನ್ 3ಕ್ಕೆ ಮಾಬೊ ತೀರ್ಪು ಬಂತು, ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲೆ ಮೊದಲಿನಿಂದಲೇ ಹಕ್ಕಿತ್ತು ಅಂತ ನ್ಯಾಯಾಲಯ ಒಪ್ಪಿದ್ದು. ಮರುವರ್ಷ ಆ ಹಕ್ಕಿಗೆ ನೇಟಿವ್ ಟೈಟಲ್ ಕಾಯ್ದೆ. ಆವತ್ತಿನಿಂದ ನಮ್ಮಂಥ ಆಫೀಸುಗಳಲ್ಲಿ ಹಳೇ ಪ್ಯಾರಿಷ್ ನಕ್ಷೆಗಳ ಧೂಳು ಕೊಡವಿದರು. ಯಾಕೆಂದರೆ ಯಾವ ತುಂಡು ಯಾವಾಗ ಫ್ರೀಹೋಲ್ಡ್ ಆಯಿತು, ಅಂದರೆ ಖಾಸಗಿಯವರ ಪೂರ್ತಿ ಸ್ವತ್ತಾಯಿತು, ಯಾವುದು ಎಂದೂ ಯಾರಿಗೂ ಹೋಗದೆ ಕ್ರೌನ್‌ನದ್ದಾಗಿಯೇ ಉಳಿಯಿತು ಅನ್ನುವುದು ಆ ನಕ್ಷೆಗಳಲ್ಲಿ, ಅಂಚಿನ ಕೆಂಪು ಶಾಯಿಯ ಟಿಪ್ಪಣಿಗಳಲ್ಲಿ ಇದೆ. ಫ್ರೀಹೋಲ್ಡ್ ಆದ ಕಡೆ ಹಕ್ಕು ಅಳಿಯುತ್ತದೆ, ಆಗದ ಕಡೆ ವಾದಕ್ಕೆ ಜಾಗ ಇದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಇದಕ್ಕೂ ಮೊದಲೇ, 1983ರ ಕಾಯ್ದೆಯಡಿ, ಬಳಕೆಯಿಲ್ಲದ ಕ್ರೌನ್ ನೆಲವನ್ನು ಮೂಲನಿವಾಸಿ ಲ್ಯಾಂಡ್ ಕೌನ್ಸಿಲ್‌ಗಳು ಕೇಳಬಹುದಾಗಿತ್ತು. ಕಿತ್ತುಕೊಳ್ಳಲು ಬರೆದ ನಕ್ಷೆ, ಈಗ ಕೇಳಲು ಬಂದವರ ಕೈಯಲ್ಲೂ ಇದೆ. ಎಲ್ಲಾ ಸರಿಹೋಯಿತು ಅಂತ ಹೇಳುತ್ತಿಲ್ಲ.

ಮೌನೇಶ
ಅಷ್ಟು ಹೇಳಿದಿರಲ್ಲ, ಸಾಕು.

ಹೊಸಮನೆಯವಳು
ಒಂದು ವಾರ ಬಿಟ್ಟು ಬರುತ್ತಿದ್ದೇನೆ. ಎಕ್ಸ್‌ಚೇಂಜ್ ಆಯ್ತು, ಕರಾರಿಗೆ ಸಹಿ ಬಿತ್ತು! ಅತ್ತೆಯವರಿಗೆ ಜಾನ್ ಹಂಟರ್ ಕತೆ ಹೇಳಿದೆ, ‘ಸಾಹೇಬನ ಹೆಸರಾದರೆ ಪರವಾಗಿಲ್ಲ’ ಅಂದರು.

ಸರಪಳಿ ಸರ್, ಹಳೇ ನಕ್ಷೆ ನಾವೇ ನೋಡಬಹುದಾ?

ಸರಪಳಿ
ಧಾರಾಳವಾಗಿ. ಹಿಸ್ಟಾರಿಕಲ್ ಲ್ಯಾಂಡ್ ರೆಕಾರ್ಡ್ಸ್ ವ್ಯೂವರ್ ಅಂತ ಹುಡುಕಿ, ನೋಡುವುದಕ್ಕೆ ದುಡ್ಡಿಲ್ಲ. ಪ್ಯಾರಿಷ್ ಜಾಗದಲ್ಲಿ ಸೇಂಟ್ ಜಾನ್, ಕೌಂಟಿ ಜಾಗದಲ್ಲಿ ಕಂಬರ್‌ಲ್ಯಾಂಡ್. ಒಂದೇ ಪ್ಯಾರಿಷ್‌ಗೆ ಹಲವು ಆವೃತ್ತಿ ಇರುತ್ತದೆ. ಒಂದರ ಮೇಲೆ ಬರೆದು ಬರೆದು ಜಾಗ ಇಲ್ಲದಾಗ ಅದನ್ನು ರದ್ದು ಮಾಡಿ ಹೊಸದು ಬರೆಯುತ್ತಿದ್ದರು. ಮೊದಲು ಎಲ್ಲಕ್ಕಿಂತ ಹಳೆಯದನ್ನು ತೆಗೆಯಿರಿ. ವಿಕ್ಟೋರಿಯಾದವರು ಪಬ್ಲಿಕ್ ರೆಕಾರ್ಡ್ ಆಫೀಸಿನಲ್ಲಿ ಪ್ಯಾರಿಷ್ ಪ್ಲ್ಯಾನ್ ಅಂತ ಹುಡುಕಿ.

ಹೊಸಮನೆಯವಳು
ಸಿಕ್ಕಿತು. ನಮ್ಮ ಬೀದಿ, ಹಿಂದಿನ ಬೀದಿ, ಪಾರ್ಕು, ಮಗಳ ಶಾಲೆ, ಎಲ್ಲಾ ಸೇರಿ ಒಂದೇ ತುಂಡು, ಮೇಲೆ ಒಬ್ಬನದೇ ಹೆಸರು, ಎಕರೆ ಲೆಕ್ಕ. ಅಪ್ಪನಿಗೆ ಸ್ಕ್ರೀನ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ಮಾತೇ ಇಲ್ಲ. ಆಮೇಲೆ ‘ಕೈಬರಹ ಚೆನ್ನಾಗಿದೆ’ ಅಂದರು. ಇಂಗ್ಲಿಷ್ ಅಷ್ಟಾಗಿ ಬರದವರು ನಕ್ಷೆ ಮಾತ್ರ ಸರಾಗ ಓದಿದರು, ಇದು ಹಳ್ಳ, ಇದು ದಾರಿ, ಇದು ಪೋಡಿ ಆಗಿದೆ, ಇದು ಆಗಿಲ್ಲ ಅಂತ. ಡಿಸೆಂಬರ್‌ಗೆ ಬರುತ್ತಿದ್ದಾರೆ. ಬಂದ ತಕ್ಷಣ ಅವರಿಗೆ ಮನೆಯ ಬಾಂದುಕಲ್ಲು ತೋರಿಸಬೇಕಂತೆ. ಇಲ್ಲಿ ಅಂಥದ್ದೇನಾದರೂ ಇರುತ್ತದಾ ಸರ್? ಇಲ್ಲದಿದ್ದರೆ ನನ್ನ ಮಾನ ಹೋಗುತ್ತದೆ.

ಸರಪಳಿ
ಕಲ್ಲು ನೆಡುವ ಪದ್ಧತಿ ಇಲ್ಲಿ ಕಡಿಮೆ. ಮೊದಲಿನ ಕಾಲದಲ್ಲಿ ಮೂಲೆಯ ಮರದ ತೊಗಟೆ ಸುಲಿದು, ಬಾಣದ ಗುರುತು ಕೆತ್ತುತ್ತಿದ್ದರು, ಅದು ಸರ್ಕಾರದ ಮುದ್ರೆ. ಮೆರಿಲ್ಯಾಂಡ್ಸ್‌ನಲ್ಲಿ ಅಂಥ ಮರ ಸಿಗಲಿಕ್ಕಿಲ್ಲ. ಆದರೆ ರಸ್ತೆಬದಿಯ ಸಿಮೆಂಟ್ ಕಟ್ಟೆ, ಕರ್ಬ್ ಅನ್ನುತ್ತೀವಲ್ಲ, ಅದರ ಮೇಲೆ ನಿಮ್ಮ ಬೇಲಿಯ ನೇರಕ್ಕೆ ಹುಡುಕಿ. ಬೆರಳ ತುದಿಯಷ್ಟು ಸಣ್ಣ ತೂತು, ಪಕ್ಕಕ್ಕೆ ರೆಕ್ಕೆ ಬಿಚ್ಚಿದ ಹಾಗೆ ಉಳಿಯಲ್ಲಿ ಹೊಡೆದ ಗೀರು. ಡ್ರಿಲ್ ಹೋಲ್ ಅಂಡ್ ವಿಂಗ್ ಅಂತ ನಕ್ಷೆಯಲ್ಲಿ ಬರೆಯುತ್ತೇವೆ. ಅದೇ ಮೂಲೆ ಅಂತಲ್ಲ, ಮೂಲೆ ಅಲ್ಲಿಂದ ಇಷ್ಟು ದೂರ ಅಂತ ಲೆಕ್ಕ. ಅದೃಷ್ಟವಿದ್ದರೆ ನಿಮ್ಮ ಬೀದಿಯಲ್ಲೇ ಹಿತ್ತಾಳೆಯ ಗುಂಡಿ ಕೂರಿಸಿದ ಸ್ಟೇಟ್ ಸರ್ವೆ ಮಾರ್ಕ್ ಕೂಡ ಸಿಗಬಹುದು.

ಹೊಸಮನೆಯವಳು
ಸಂಜೆ ಮಗಳ ಜೊತೆ ಟಾರ್ಚ್ ಹಿಡಿದು ಹೋಗಿದ್ದೆವು. ಇನ್ನೂ ಕೀ ಸಿಕ್ಕಿಲ್ಲ, ಬೇರೆಯವರ ಮನೆ ಮುಂದೆ ಬಗ್ಗಿ ಕಟ್ಟೆ ಉಜ್ಜುತ್ತಿದ್ದರೆ ಪಕ್ಕದ ಮನೆಯ ಅಜ್ಜಿ ಬಾಗಿಲು ತೆಗೆದು ಏನು ಕಳೆದುಕೊಂಡಿರಿ ಅಂತ ಕೇಳಿದರು. ಕೆಂಪು ಮುಚ್ಚಳದ ಬಿನ್ ಇಟ್ಟಿದ್ದ ಜಾಗದಲ್ಲಿ, ಎಲೆ ಸರಿಸಿದರೆ, ತೂತು, ಒಂದು ರೆಕ್ಕೆ. ಇನ್ನೊಂದು ರೆಕ್ಕೆ ಸವೆದುಹೋಗಿದೆ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ‘ಇಷ್ಟೇನಾ?’ ಅಂತ ಉತ್ತರ ಬಂತು. ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜ್: ‘ಟೇಪು ತರ್ತೀನಿ.’

ಬೆಣ್ಣೆದೋಸೆ
ಅಜ್ಜಿಗೂ ಎರಡು ದೋಸೆ ಕೊಟ್ಟುಬಿಡಿ ಅಕ್ಕಾ. ಡಿಸೆಂಬರ್‌ನಲ್ಲಿ ಹದ್ದುಬಸ್ತು ಶುರುವಾದರೆ ಅವರ ಬೇಲಿಯೂ ಅಳತೆಗೆ ಬರುತ್ತೆ.